ಕೆಳಗಿನದೇ ಒತ್ತು

ಶಿಡ್ಲಘಟ್ಟ
18-11-2007, ಭಾನುವಾರ

ಮುದ್ದು ತನುಜಮ್ಮಂಗೆ,

ನಿನ್ನ ಕಾಗದ ದೀಪಾವಳಿ ಹಿಂದಿನ ದಿನಾನೇ ಬಂತು. ಉತ್ತರಕ್ಕೆ ಹತ್ತು ದಿನ ಹಿಡೀತು, ತಪ್ಪಾಯ್ತು ಕಣಮ್ಮ. ಮೂರನೇ ಕ್ಲಾಸಿಗೇ ಮೇಷ್ಟ್ರಿಗೆ ಕೈ ಮುಗಿದು ಬಂದೋನು ನಾನು. ಒಂದೊಂದು ಒತ್ತಕ್ಷರಾನೂ ತಪ್ಪಿಸ್ಕೊಂಡ ಎಮ್ಮೆ ಹಿಡಿದಂಗೆ ಹಿಡೀಬೇಕು. ನಿಮ್ಮಮ್ಮ ಪಕ್ಕದಲ್ಲೇ ಕೂತವ್ಳೆ. "ಏನಯ್ಯಾ, ಕಾಗದ ಬರೀತಿದೀಯೋ ಬಾವಿ ತೋಡ್ತಿದೀಯೋ?" ಅಂತಾಳೆ.

ನಾವಿಬ್ರೂ ಗಟ್ಟಿಯಾಗಿದೀವಿ. ಹಸು ನನಗಿಂತ ಚೆನ್ನಾಗೈತೆ. ಮಗು ಮೂಗು ನನ್ದೇ ಅಂತ ನಿಮ್ಮಮ್ಮ ಗೌರಿಬಿದನೂರಿಗೆ ಬಂದು ನೋಡ್ಕೊಂಡು ಹೋದಾಗಿಂದ ಹೇಳ್ತಾವ್ಳೆ. ಪಾಪ ಕೂಸು, ಏನು ತಪ್ಪು ಮಾಡಿತ್ತಮ್ಮ ಅದು?

ಡಿಸೆಂಬರ್ ಎರಡಕ್ಕೆ ನಾಮಕರಣ, "ಈ ಸಲನಾದ್ರೂ ಬಾ ಅಪ್ಪ" ಅಂತ ಬರ್ದಿದೀಯ. ಹೋದ ವರ್ಷ ಗೌರಿಬಿದನೂರಲ್ಲಿ ನಿನ್ನ ಮದುವೆ ಹೊತ್ತಿಗೆ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ನಿಂತಿದ್ವು, ಮನೆ ಬಿಟ್ಟು ಬರಕ್ಕಾಗಲ್ಲ ಅಂತ ಹೇಳಿ ಕಳಿಸಿದ್ದೆ. ಧಾರೆಗೆ ನಿಮ್ಮ ಚಿಕ್ಕಪ್ಪ ಮುನೇಶ್ ನಿಂತ್ಕೊಂಡ. ಈ ಸಲ ಬರ್ಬೇಕೋ ಬೇಡ್ವೋ ಅಂತ ಹತ್ತು ದಿನ ತಲೆ ಕೆರ್ಕೊಂಡೆ. ಕೂದಲು ಮೊದ್ಲೇ ಕಮ್ಮಿ.

ಅಷ್ಟರಲ್ಲಿ ಒಂದು ತಮಾಷೆ ಆಯ್ತು. ಹುಳದ ಮನೆ ತೊಳ್ಯೋಕೆ ಅಂತ ಅಟ್ಟ ಹತ್ತಿದ್ರೆ ನಮ್ಮ ಟೀವಿ ಗೇಮು ಸಿಕ್ತು! ನೀನು ಏಳನೇ ಕ್ಲಾಸಲ್ಲಿದ್ದಾಗ ಚಿಂತಾಮಣಿ ಸಂತೇಲಿ "ಕಾರ್ ರೇಸು ಅಣ್ಣಾ" ಅಂತ ಹೇಳಿ ಒಬ್ಬ ಆ ಜಪಾನ್ ಕ್ಯಾಸೆಟ್ ಮಾರಿದ್ನಲ್ಲ. ಹಾಕಿ ನೋಡಿದ್ರೆ ಕಾರೂ ಇಲ್ಲ ರೋಡೂ ಇಲ್ಲ, ನಾಲ್ಕು ಜನ ಸಾಲಾಗಿ ಊರೂರು ನಡ್ಕೊಂಡು ಹೋಗ್ತಾರೆ, ಅಕ್ಷರ ಎಲ್ಲಾ ಕೋಳಿ ಕೆರ್ದಂಗೆ. ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ, ಸೊಪ್ಪು ಹಾಕೋ ಕೆಲಸ ಇರ್ತಿರ್ಲಿಲ್ಲ ನೋಡು, ಆವಾಗ್ಲೇ ಅಪ್ಪ ಮಗಳಿಗೆ ಆಟ. ನೀನಂತೂ "ಅಪ್ಪಾ, ಹುಳಕ್ಕೆ ಇನ್ನೂ ಜ್ವರ ಬರ್ಲಿಲ್ವಾ?" ಅಂತ ದಿನಾ ತಟ್ಟೆ ಇಣುಕ್ತಿದ್ದೆ.

ಈ ಸಲ ನಾಲ್ಕನೇ ಜ್ವರಕ್ಕೆ ಕೂತ ತಕ್ಷಣ ವೈರು ಸಿಕ್ಕಿಸ್ದೆ. ಹತ್ತು ವರ್ಷ ಆದ್ಮೇಲೂ ನಾಲ್ಕೂ ಜನ ಬಿಟ್ಟ ಜಾಗದಲ್ಲೇ ನಿಂತಿದ್ರು ಕಣೇ! ಆವಾಗ ನಾವು ಹೆಸರಿಟ್ಟಂಗೇ, ಮುಂದೆ ಕತ್ತಿ ಹಿಡ್ಕೊಂಡು ನೀನು. ಹಿಂದೆ ಕೊಡಲಿ ಹಿಡ್ಕೊಂಡು ನಿಮ್ಮಮ್ಮ. ಅವಳ ಹಿಂದೆ ಮಂತ್ರ ಹಾಕೋ ಪೂಜಾರಿ, ಅದು ಮುನೇಶ, ಗುಡಿ ಮೆಟ್ಲು ತುಳಿದೋನಲ್ಲ. ಕೊನೇಲಿ ಬಣ್ಣದ ಟೋಪಿ ಕೋಡಂಗಿ. ಅದು ನಾನು. ಭೂತ ಬೆಂಕಿ ಉಗುಳ್ತಿದ್ರೆ ಈ ನನ್ಮಗ ಸಿಳ್ಳೆ ಹೊಡೀತಾನೆ, ಕಾಲು ಜಾರಿ ಬೀಳ್ತಾನೆ. ನಿಮ್ಮಮ್ಮ ಇಣುಕಿ ನೋಡಿ, "ಜಪಾನ್‌ನೋರು ನಿನ್ನ ಎಲ್ಲಿ ನೋಡಿದ್ರಯ್ಯಾ?" ಅಂದ್ಲು.

ಬೆಟ್ಟದ ಮೇಲೊಂದು ಗುಡಿ ಐತೆ. ಅಲ್ಲಿ ಮುದುಕ ಏನೋ ಕೇಳ್ತಾನೆ, ಮೇಲೊಂದು ಉತ್ತರ, ಕೆಳಗೊಂದು. ನೀನು ಯಾವಾಗ್ಲೂ ನನ್ನ ಕೈ ಹಿಡ್ಕೊಂಡು "ಕೆಳಗಿನದು, ಕೆಳಗಿನದು" ಅಂತಿದ್ದೆ. ಯಾಕೆ ಅಂತ ನಾನೂ ಕೇಳಿರ್ಲಿಲ್ಲ. ಈ ಸಲ ಮೇಲಿನದು ಒತ್ತಿಬಿಟ್ಟೆ. ಟೋಪಿ ಹೋಯ್ತು, ಗಡ್ಡ ಬಂತು! ಕೋಡಂಗಿ ದೊಡ್ಡ ಪಂಡಿತ ಆಗ್ಬಿಟ್ಟ. ಒಂದು ಕೈ ಎತ್ತಿದ್ರೆ ಆರು ಭೂತ ಒಟ್ಟಿಗೇ ಬೂದಿ. ಬೀಳೋದಿಲ್ಲ, ಸಿಳ್ಳೆ ಇಲ್ಲ. ಅರ್ಧ ಗಂಟೇಲಿ ಆಕಳಿಕೆ ಬಂತು. ನಿಮ್ಮಮ್ಮ, "ನಮ್ಮ ಕೋಡಂಗಿ ಎಲ್ಲೋದ?" ಅಂದ್ಲು.

ಆಮೇಲೆ ಗೇಮಿನ ಡಬ್ಬಿ ತಳದಲ್ಲಿ ನಿನ್ನ ಹಳೇ ನೋಟ್‌ಬುಕ್ಕು ಕಾಣಿಸ್ತು. ಜಪಾನ್ ಅಕ್ಷರ ಒಂದೊಂದೂ ಬರ್ದು, ಪಕ್ಕದಲ್ಲಿ ಆಕಾರ ನೋಡಿ ಕುಡುಗೋಲು, ಚೇಳು ಅಂತ ಹೆಸರಿಟ್ಟಿದೀಯ. ಬೆಟ್ಟದ ಗುಡಿ ಹಾಳೇಲಿ ಹೀಗೈತೆ: "ಮೇಲಿನದು ಒತ್ತಿದೆ. ಅಪ್ಪ ಗಡ್ಡದ ಮುದುಕ ಆಗ್ಬಿಟ್ಟ. ಅಳು ಬಂತು. ಸ್ವಿಚ್ ಆಫ್ ಮಾಡ್ಬಿಟ್ಟೆ. ಇನ್ಮೇಲೆ ಕೆಳಗಿನದೇ ಒತ್ತು."

ಎರಡು ಸಲ ಓದ್ದೆ ಕಣಮ್ಮ. ಆಮೇಲೆ ನಾನೂ ಸ್ವಿಚ್ ಆಫ್ ಮಾಡ್ದೆ. ಹೊಸದು ಉಳಿಸಿರ್ಲಿಲ್ವಲ್ಲ, ಮತ್ತೆ ಹಾಕಿದ್ರೆ ಕೋಡಂಗಿ ಟೋಪಿ ಹಾಕ್ಕೊಂಡು ಹಲ್ಲು ಕಿರೀತಿದ್ದ.

ಅದಕ್ಕೇ, ಬರ್ತೀನಿ. ಒಂದನೇ ತಾರೀಕೇ ಮಂಚೇನಹಳ್ಳಿ ಮೇಲಿನ ಬಸ್ಸಿಗೆ ಇಬ್ರೂ ಬರ್ತೀವಿ. ನಿಮ್ಮ ಯಜಮಾನ್ರಿಗೆ, ಮೇಷ್ಟ್ರು ಬೀಗರಿಗೆ ನಮಸ್ಕಾರ ಹೇಳು. ಬಾಯಿ ಮುಚ್ಕೊಂಡು ಕೂರ್ತೀನಿ ಅಂತ ಮಾತ್ರ ಭಾಷೆ ಕೊಡಕ್ಕಾಗಲ್ಲ. ನೀನು ನಿನ್ನ ಮಗು ನೂರು ಕಾಲ ನಗ್ತಾ ಇರಿ, ಮೂಗು ಹೆಂಗಾದ್ರೂ ಇರ್ಲಿ.

ಇಂತಿ ನಿಮ್ಮಪ್ಪ,
ಕೆಂಪರಾಜು

ಮತ್ತೊಂದು ಮಾತು. ನಿನ್ನ ಮದುವೆ ದಿನ ಹುಳ ಹಣ್ಣಾಗಿರ್ಲಿಲ್ಲ ಕಣಮ್ಮ. ಸುಳ್ಳು ಹೇಳಿದ್ದೆ. ನಿಮ್ಮಮ್ಮಂಗೆ ಗೊತ್ತು, ಯಾರ್ ಹತ್ರಾನೂ ಬಾಯಿ ಬಿಡ್ಲಿಲ್ಲ. ಮದುವೆಗೆ ಹಿಂದಿನ ವಾರ ನೀನು ಹಾಸ್ಟೆಲ್‌ನಿಂದ ಫೋನಲ್ಲಿ "ಅವರೆಲ್ಲ ಓದಿದೋರು, ಅಲ್ಲಿ ಬಂದು ಕೋಡಂಗಿ ಥರ ಆಡ್ಬೇಡಪ್ಪ" ಅಂದೆಯಲ್ಲ, "ಸರಿ ಕಣೇ" ಅಂತ ನಕ್ಕು ಫೋನ್ ಇಟ್ಟೆ. ನಗು ಅಲ್ಲಿಗೇ ನಿಂತೋಯ್ತು. ಮದುವೆ ದಿನ ಹುಳ ಜ್ವರಕ್ಕೆ ಕೂತಿದ್ವು, ಒಂದೆಲೆ ಕೆಲಸ ಇರ್ಲಿಲ್ಲ. ಧಾರೆಗೆ ಅಂತ ತಂದಿದ್ದ ಹೊಸ ಪಂಚೆ ಉಟ್ಕೊಂಡು, ಹುಳದ ಮನೇಲಿ ಅವುಗಳ ಜೊತೆ ನಾನೂ ಅಲ್ಲಾಡ್ದೆ ಕೂತಿದ್ದೆ.