ಮನೆಯ ಹಿರಿಯನಿಗೆ

ಅಣ್ಣಿಗೇರಿ
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ತಮ್ಮಾ ಪ್ರಭು,

ಹೇಗಿದ್ದೀಯೋ? ಕಿವಿ ಸೋರುವುದು ನಿಂತಿತೇ? ಔಷಧಿ ಬೇಕೆಂದು ಬಾಯಿಬಿಟ್ಟು ಕೇಳಲು ನಿನಗೆ ನಾಚಿಕೆ, ಅದು ಗೊತ್ತಿದ್ದೇ ಕೇಳುತ್ತಿದ್ದೇನೆ. ಅಲ್ಲಿಯ ರೊಟ್ಟಿ ಗಟ್ಟಿ ಎಂದು ಅವ್ವನ ಮುಂದೆ ಹೇಳಿದೆಯಂತೆ. ನನ್ನ ರೊಟ್ಟಿಗೆ ದಿನಾ ಹೆಸರಿಡುತ್ತಿದ್ದವನಿಗೆ ಈಗಲಾದರೂ ಅಕ್ಕನ ಬೆಲೆ ತಿಳಿಯಲಿ. ಇಲ್ಲಿ ಅವ್ವ ಹೇಗೋ ಊಟ ಮಾಡುತ್ತಾಳೆ, ನಿದ್ದೆ ಮಾತ್ರ ಇಲ್ಲ. ಕಡಲೆ ಚೆನ್ನಾಗಿ ಹುಟ್ಟಿದೆ, ಎಡೆ ಹೊಡೆಯುವುದು ಬಾಕಿ ಇದೆ.

ಭೇಟಿಗೆ ಬಂದಾಗ ಮನಸ್ಸಿನಲ್ಲಿದ್ದದ್ದನ್ನು ಹೇಳಲು ನೀನು ಬಿಡುವುದೇ ಇಲ್ಲ. ಅವ್ವನ ಕಣ್ಣು ತುಂಬುವುದರೊಳಗೆ 'ಚಿಂತಿ ಮಾಡಬ್ಯಾಡಬೇ, ನಾ ಅದೇನಿ' ಎಂದುಬಿಡುತ್ತೀ. ಬಾಲಕರ ವೀಕ್ಷಣಾಲಯದಲ್ಲಿ ಕೂಡಿಹಾಕಿಸಿಕೊಂಡವನು ಹೊರಗಿದ್ದವರಿಗೆ ಧೈರ್ಯ ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಪ್ರಭು. ಅದಕ್ಕೇ ಬರೆದು ಸುಲ್ತಾನಾ ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಾಲನ್ಯಾಯ ಮಂಡಳಿಯ ಆದೇಶವನ್ನು ಅವರೇ ನಮಗೆ ಓದಿ ಹೇಳಿದರು. ಲಕ್ಕಪ್ಪ ಕಾಕಾನ ಕೊಲೆ ಕೇಸಿನಲ್ಲಿ ನಿನ್ನನ್ನು ಹುಡುಗನೆಂದು ನೋಡಬೇಕಾಗಿಲ್ಲವಂತೆ, ದೊಡ್ಡವರಂತೆಯೇ ವಿಚಾರಣೆ ನಡೆಯಬೇಕಂತೆ. ಶಿಕ್ಷೆಯಾದರೆ ಇಪ್ಪತ್ತೊಂದು ತುಂಬುವವರೆಗೆ ಮಕ್ಕಳ ಜಾಗ, ಆಮೇಲೆ ದೊಡ್ಡವರ ಜೈಲು. ಅದು ನಡೆದಾಗ ಹದಿನಾರೂವರೆ ವರ್ಷದವನು ಹೇಗೆ ದೊಡ್ಡವನಾದ ಎಂದು ಕೇಳಿದೆ. ಮೇಡಂ ಮುಂದೆ ಓದಿದರು. ಅದರಲ್ಲಿದ್ದದ್ದೆಲ್ಲ ನಮ್ಮ ಮಾತೇ.

ಹಿಂದೆ ನಿನ್ನ ಬಗ್ಗೆ ವಿಚಾರಿಸಲು ಅಧಿಕಾರಿಯೊಬ್ಬರು ಬಂದಿದ್ದರು. ಒಳ್ಳೆಯದನ್ನೇ ಹೇಳಬೇಕೆಂದು ಓಣಿಯವರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿದರು. ಮಡಿವಾಳೆಪ್ಪ ಮಾವನ ಹುರುಪು ನೀನು ನೋಡಬೇಕಿತ್ತು. 'ಅವಂಗ ಹುಡುಗ ಅನಬ್ಯಾಡ್ರಿ ಸಾಹೇಬ್ರ. ಅವರಪ್ಪ ತೀರಿದ ಮ್ಯಾಲೆ ನಾನ ಅವಂಗ ರುಮಾಲ ಸುತ್ತೇನಿ. ಮನಿ ಹಿರ್ಯಾ ಅಂವ. ಒಕ್ಕಲುತನ ಅಂವಂದ, ಅಕ್ಕಗ ಬಂದ ಗಂಡ ನೋಡಿ ಬ್ಯಾಡ ಅಂದಾಂವನೂ ಅಂವನ' ಎಂದ. ಉಳಿದವರು 'ಹೌದ್ರಿ, ಅಗದಿ ಶ್ಯಾಣ್ಯಾ' ಎಂದು ತಲೆಯಾಡಿಸಿದರು. ಮನೆಯ ಯಜಮಾನನೆಂದರೆ ಮರ್ಯಾದೆ ಕೊಟ್ಟಾರು, ಬಿಟ್ಟುಕಳಿಸಿಯಾರು ಎಂದುಕೊಂಡರು ಪಾಪ. ಅಲ್ಲಿ ನೀನಾದರೂ ಬಾಯಿ ಮುಚ್ಚಿಕೊಂಡು ಇದ್ದೆಯಾ? ಮಾತಾಡಿಸಿದ ಡಾಕ್ಟರಿಗೆ 'ನನಗ ಎಲ್ಲಾ ತಿಳೀತೈತ್ರಿ, ಮನಿ ಹಿರ್ಯಾ ಅದೇನಿ' ಎಂದೆಯಂತೆ. ನಾವು ಹೊಗಳಿದ್ದನ್ನೆಲ್ಲ ಕೂಡಿಸಿ ಬರೆದರೆ ಅದೇ ನಿನಗೆ ಉರುಳಾಯಿತು. ಆದೇಶ ಕೇಳಿದಾಗಿನಿಂದ ಮಾವ ನಮ್ಮ ಮನೆಯ ಕಡೆ ಬಂದಿಲ್ಲ.

ಆ ರುಮಾಲು ಸುತ್ತಿದಾಗ ನಿನಗೆ ಹದಿನಾಲ್ಕು. ಅದು ಕಣ್ಣಿನ ಮೇಲೆ ಜಾರುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡೇ ಉಂಡೆ. ಅಂದಿನಿಂದ ನೀನು ಅತ್ತದ್ದನ್ನು ಯಾರೂ ನೋಡಲಿಲ್ಲ. ಲಕ್ಕಪ್ಪ ಕಾಕಾ ನಮ್ಮ ಬದುವನ್ನು ಒತ್ತಿ ಉಳುವುದು ಅಪ್ಪನ ಕಾಲದಿಂದಲೂ ಇತ್ತು. ಅಪ್ಪ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ. ನಿನ್ನನ್ನು ಮಾತ್ರ 'ರುಮಾಲ ಸುತ್ತಿಕೊಂಡಾಂವ ಸುಮ್ನ ಕುಂತೀಯೇನ್ಲೇ' ಎಂದು ಮಂದಿ ಚುಚ್ಚಿದರು. ಸಲಿಕೆಯ ಕಾವಿನಿಂದ ಹೊಡೆದದ್ದು ನೀನೇ, ಅದನ್ನು ಮುಚ್ಚಿಡು ಎಂದು ನಾನು ಹೇಳುವುದಿಲ್ಲ. ಕಾಕಾನ ಹೆಂಡತಿ ಶೈಲಾ ಕಾಕು ಎದುರಾದರೆ ನನಗೆ ತಲೆ ಎತ್ತಲಾಗುವುದಿಲ್ಲ. ಆದರೆ ಹೊಡೆದ ಮೇಲೆ ಏನಾಯಿತೆಂಬುದು ನನಗೂ ಅವ್ವನಿಗೂ ಗೊತ್ತು. ಹೊಲದಿಂದ ಓಡಿ ಬಂದು ಅವ್ವನ ಸೆರಗಿನೊಳಗೆ ಮುಖ ಹುದುಗಿಸಿ, 'ಯವ್ವಾ, ಮಾರಿಗೆ ನೀರ ಹೊಡದ್ನಿ, ಕಾಕಾ ಏಳವಲ್ಲ ಬೇ. ನೀ ಬಂದ ಎಬ್ಬಸ' ಎಂದೆ. ಅವ್ವ ಕರೆದರೆ ಸತ್ತವರು ಏಳುತ್ತಾರೆ ಎಂದುಕೊಂಡವನು ಯಾವ ಸೀಮೆಯ ಹಿರಿಯನೋ? ಈ ಮಾತನ್ನು ನೀನು ಡಾಕ್ಟರಿಗೆ ಹೇಳಲೇ ಇಲ್ಲ.

ಇನ್ನೂ ಒಂದು ದಾರಿ ಇದೆ ಎನ್ನುತ್ತಾರೆ ಮೇಡಂ. ಮಂಡಳಿ ಹೇಳಿದ್ದನ್ನು ಮಕ್ಕಳ ನ್ಯಾಯಾಲಯ ಒಪ್ಪಲೇಬೇಕೆಂದಿಲ್ಲ, ಅದು ತಾನೇ ಮತ್ತೊಮ್ಮೆ ನೋಡಬಹುದು. ಬರುವ ಮಂಗಳವಾರ ನ್ಯಾಯಾಧೀಶರು ನಿನ್ನನ್ನು ಮಾತಾಡಿಸುತ್ತಾರೆ. ಸುಳ್ಳು ಹೇಳಬೇಡ. ಹೊಡೆದದ್ದನ್ನೂ ಹೇಳು, ನೀರು ಹೊಡೆದದ್ದನ್ನೂ ಹೇಳು, ಅವ್ವನನ್ನು ಕರೆದದ್ದನ್ನೂ ಹೇಳು. ಆದರೆ ನಿನ್ನ ಹಟ ನನಗೆ ಗೊತ್ತಿಲ್ಲವೇ? 'ಹಿರ್ಯಾ ಆದಾಂವ ಮಂದಿ ಮುಂದ ಅಳಬಾರದು' ಎಂದು ಮಾವ ರುಮಾಲು ಸುತ್ತುವಾಗ ಹೇಳಿದ್ದನ್ನೇ ಹಿಡಿದುಕೊಂಡು ಎದೆ ಸೆಟೆಸಿ ನಿಲ್ಲುತ್ತೀ.

ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಥಂಡಿ ಶುರುವಾಗಿದೆ, ಕಿವಿಗೆ ಹತ್ತಿ ಇಟ್ಟುಕೋ, ತಣ್ಣೀರು ಸುರಿದುಕೊಳ್ಳಬೇಡ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ರೋಹಿಣಿ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಮಾವ ಬಂದ. ಅವ್ವನೇ ಹೇಳಿಕಳಿಸಿದ್ದಳಂತೆ. ಟ್ರಂಕಿನಿಂದ ನಿನ್ನ ರುಮಾಲು ತೆಗೆದು ಅವನ ಕೈಗಿಟ್ಟು 'ನೀನ ಸುತ್ತೀದಿ, ನೀನ ಬಿಡಸ. ಇದನ್ನ ಆಕಿಗೆ ಸುತ್ತ' ಎಂದು ನನ್ನತ್ತ ಬೆರಳು ತೋರಿದಳು. 'ಹೆಣ್ಣಮಕ್ಕಳಿಗೆ ಸುತ್ತೂದು ಎಲ್ಲೈತಿ ಯಕ್ಕಾ' ಎಂದು ಗೊಣಗಿದ. ಅವ್ವ ಕೇಳಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದಂತೆ ಕಟ್ಟೆಯ ಮೇಲೆ ಕೂಡಿಸಿ ಸುತ್ತಿದ. ಈಗ ಅದು ನನ್ನ ಕಣ್ಣಿನ ಮೇಲೆ ಜಾರುತ್ತಿದೆ, ಒಂದು ಕೈಯಲ್ಲಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಇವತ್ತಿನಿಂದ ಈ ಮನೆಯ ಹಿರಿಯಳು ನಾನು, ನೀನಲ್ಲ. ಹಿರಿಯರು ಹೇಳಿದ ಮಾತು ಮೀರಬಾರದು. ಮಂಗಳವಾರ ಅಳು ಬಂದರೆ ಅಳಬೇಕು, ತಮ್ಮಾ.