ಗೌರಿ ಅಂತ ನೀನಿಟ್ಟ ಹೆಸರು

ಅಮ್ಮಾ,

ಮೊದಲು ಜಗಳ ಆಡಿಬಿಡುತ್ತೇನೆ, ಸಮಾಚಾರ ಆಮೇಲೆ. ನೀನು ಮಾಡಿಟ್ಟು ಹೋದ ಒಂದು ಕೆಲಸದಿಂದ ನಾನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಯಿತು. ಪೋಸ್ಟ್‌ಮ್ಯಾನ್ ಹತ್ತಿರ ಮಾತಾಡುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ನಿನ್ನ ಮಂಜುಳಾ ಇನ್ಸ್‌ಪೆಕ್ಟರ್ ಮುಂದೆ ಕೂತು ಎದುರುತ್ತರ ಕೊಟ್ಟಳು. ನೀನಿದ್ದಿದ್ದರೆ ನಗುತ್ತಿದ್ದೆಯೋ, ಬಾಯಿ ಮುಚ್ಚೇ ಅಂತ ಗದರುತ್ತಿದ್ದೆಯೋ...

ಆ ಗೌರಿ ಹಬ್ಬದ ದಿನ ನೆನಪಿದೆಯಾ? ಕೈಗೂಸು ಎತ್ತಿಕೊಂಡು ಒಬ್ಬಳು ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ಹಿಂದುಗಡೆ ಸಾಲಿನಲ್ಲಿ ರೂಮು ಖಾಲಿ ಇದೆಯಾ ಅಂತ ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಕೇಳಿದಳು. ಹೆಸರು ರಹೀಮಾ, ಊರು ಬಂಗಾಳದ ಮುರ್ಷಿದಾಬಾದ್ ಕಡೆ, ಗಂಡ ಗಾರೆ ಕೆಲಸದವನು. ಇಷ್ಟು ಗೊತ್ತಾಗುವಷ್ಟರಲ್ಲಿ ಅಣ್ಣ ಇಲ್ಲ ಅಂತ ತಲೆ ಅಲ್ಲಾಡಿಸಿಯೂ ಆಗಿತ್ತು. ನೀನು ಒಳಗೆ ಹೋಗಿ ಬಾಗಿನದ ಮೊರ ತಂದು ಅವಳ ಕೈಗಿಟ್ಟೆ. "ಗೌರಿ ಅಬ್ಬದ್ ದಿವ್ಸ ಬಾಗ್ಲಿಗ್ ಬಂದೋಳ್ನ ಬರಿಗೈಲಿ ಕಳಿಸ್ತಾರೇನ್ಲಾ? ಇವ್ಳು ನಮ್ ಗೌರಿ. ರೂಮ್ ಬೀಗ ತೆಗಿ" ಅಂದೆ. ಅವತ್ತಿನಿಂದ ಇಡೀ ಬೀದಿಗೆ ಅವಳು ಗೌರಿ.

ಅವಳ ಗಂಡ ಕಟ್ಟುತ್ತಿದ್ದದ್ದು ನಮ್ಮ ಹಳೇ ರಾಗಿ ಹೊಲದಲ್ಲಿ ಎದ್ದ ಆ ಅಪಾರ್ಟ್‌ಮೆಂಟನ್ನೇ. ಅದು ಮುಗಿದ ಮೇಲೆ ಅವನು ಇನ್ನೊಂದು ಊರಿನ ಕಟ್ಟಡಕ್ಕೆ ಹೋದ, ಇವಳು ಅದೇ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುವುದಕ್ಕೆ ಸೇರಿದಳು. ಕೆಲಸ ಮುಗಿಸಿ ಬಂದು ನಿನ್ನ ಹತ್ತಿರ ಕನ್ನಡ ಕಲಿತಳು, ಬೈಗುಳ ಮೊದಲು, ಮಿಕ್ಕಿದ್ದು ಆಮೇಲೆ. ನೀನು ಹಾಸಿಗೆ ಹಿಡಿದಾಗ ನಾನು ನೀರೆರೆಯಲು ಬಂದರೆ ರಂಪ ಮಾಡುತ್ತಿದ್ದೆ, ಅವಳು ಬಂದರೆ ಮಗುವಿನ ಹಾಗೆ ತಲೆ ಬಗ್ಗಿಸುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಗೊತ್ತಾ?

ಹೋದ ತಿಂಗಳು ಒಂದು ಬೆಳಗ್ಗೆ ಅವಳನ್ನು ಹಿಡಿದುಕೊಂಡು ಹೋದರು. ಅಪಾರ್ಟ್‌ಮೆಂಟಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಕೆಲಸದವರಲ್ಲಿ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರೆ, ಮಕ್ಕಳನ್ನು ಹೊರಗೆ ಬಿಡುವುದಕ್ಕೆ ಭಯ ಅಂತ ಬರೆದರಂತೆ. ಗೇಟಿನಲ್ಲಿ ಎಲ್ಲರ ಆಧಾರ್ ಕಾರ್ಡು ಕೇಳಿದರು. ಇವಳ ಗೇಟ್ ಪಾಸಿನಲ್ಲಿ ಎಲ್ಲರೂ ಕರೆಯುವ ಹಾಗೆ ಗೌರಿ, ಕಾರ್ಡಿನಲ್ಲಿ ರಹೀಮಾ. ಇನ್ನೇನು ಬೇಕು ಅವರಿಗೆ? ಹೆಸರು ಬದಲಾಯಿಸಿಕೊಂಡು ನುಸುಳಿದ್ದಾಳೆ ಅಂತ ಪೊಲೀಸರನ್ನು ಕರೆಸಿದರು. ಅವಳ ಜಿಲ್ಲೆಯಿಂದ ಉತ್ತರ ಬರುವ ತನಕ ಅಂತ ಊರಾಚೆಯ ಒಂದು ಕೇಂದ್ರದಲ್ಲಿ ಇಟ್ಟರು. ಉತ್ತರ ಬಾರದಿದ್ದರೆ ಗಡಿಯಾಚೆ ದಬ್ಬುತ್ತಾರೆ ಅಂತ ಅಲ್ಲಿನವರೇ ಹೇಳಿದರು. ಅವಳ ಗಂಡ ಫೋನಿನಲ್ಲಿ ಅಳುತ್ತಿದ್ದ. ಬಂದರೆ ಅವನನ್ನೂ ಕೂರಿಸಿಕೊಳ್ಳುತ್ತಾರೆ ಅಂತ ನಾನೇ ಬರಬೇಡ ಅಂದೆ. ಮಗಳು ನಜ್ಮಾಳನ್ನು ನಮ್ಮ ಮನೆಯಲ್ಲೇ ಮಲಗಿಸಿಕೊಂಡೆ.

ಆ ಭಾನುವಾರ ಬೀದಿಯ ಮನೆ ಮಾಲೀಕರೆಲ್ಲ ನಮ್ಮ ಅಂಗಳದಲ್ಲೇ ಸೇರಿದ್ದರು. ಬಂಗಾಳಿ ಮಾತಾಡುವವರಿಗೆ ಇನ್ನು ಯಾರೂ ರೂಮು ಕೊಡಬಾರದು ಅಂತ ಮಾತು. ಅಣ್ಣ ಎಲ್ಲರಿಗಿಂತ ಮುಂದೆ.

"ಹೊರಗಿನೋರು ಜಾಸ್ತಿ ಆಗ್ಬಿಟ್ರು ಕಣೇ. ನಾಳೆ ನಮ್ಗೇ ಜಾಗ ಇರಲ್ಲ" ಅಂದ.

ನನಗೆ ತಡೆಯಲಿಲ್ಲ. "ನಿನ್ ಮನೆ ಮೂರನೇ ಫ್ಲೋರ್‌ಗೆ ಗಾರೆ ಹಾಕಿದ್ಯಾರಣ್ಣ? ನಿಮ್ಮಾವನಾ? ನಮ್ಮಮ್ಮನೂ ಹೊಸೂರಿನ ಆಚೆಯಿಂದ ಬಂದೋಳೇ. ಸಾಯೋವರ್ಗೂ ಬದನೇಕಾಯಿ ಎಣಿಸ್ತಿದ್ದಿದ್ದು ತೆಲುಗಲ್ಲಿ. ಅವಳನ್ನೂ ಓಡಿಸ್ಬೇಕಿತ್ತಾ?"

ನಿನ್ನನ್ನು ನಡುವೆ ಎಳೆದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಅವರು ಮಾತ್ರ ಅವರ ಮಾತಿಗೇ ನಿಂತರು, ಸಂಜೆ ಅಣ್ಣ ಹಿಂದಿನ ಸಾಲು ತನ್ನ ಪಾಲು ಅಂತ ಅವಳ ರೂಮಿಗೆ ತನ್ನ ಬೀಗ ಹಾಕಿದ.

ಮರುದಿನ ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ವಿಜಯಪುರದ ಕಡೆಯವರು, ಮಾತು ಮೆತ್ತಗೆ. "ಮೇಡಂ, ಒಬ್ಬಾಕಿಗೆ ಎರಡ್ ಹೆಸರು ಯಾಕ್ರೀ?"

"ಒಂದು ಅವರಪ್ಪ ಇಟ್ಟಿದ್ದು ಸಾರ್, ಇನ್ನೊಂದು ನಮ್ಮಮ್ಮ ಇಟ್ಟಿದ್ದು. ನಮ್ಮಮ್ಮನ್ನೇ ವಿಚಾರಿಸ್ಬೇಕು ಅಂದ್ರೆ ನೀವು ಸ್ಮಶಾನಕ್ಕೆ ಹೋಗ್ಬೇಕು."

ಅವರಿಗೆ ನಗು ಬಂತು, ನುಂಗಿಕೊಂಡರು. "ಹಂಗಂತ ಬರ್ದು ಕೊಡ್ರಿ. ಆದ್ರ ನಾಳೆ ಆಕಿ ಹೊರದೇಶದಾಕಿ ಅಂತ ಆತಂದ್ರ, ಇಟ್ಕೊಂಡಿದ್ದಕ್ಕ ನಿಮ್ಮ ಮ್ಯಾಲೂ ಕೇಸ್ ಆಗ್ತದ. ವಿಚಾರ ಮಾಡ್ರಿ."

ಎದ್ದು ಬಂದುಬಿಡೋಣ ಅನ್ನಿಸಿತು ಅಮ್ಮ, ಸುಳ್ಳು ಹೇಳುವುದಿಲ್ಲ. ಆದರೂ ಸಹಿ ಹಾಕಿದೆ.

ಕೇಂದ್ರದಲ್ಲಿ ಅವಳನ್ನು ಕಿಟಕಿಯ ಸರಳಿನಾಚೆ ನೋಡಿದೆ. ಸೊರಗಿದ್ದಳು. "ನಜ್ಮಾ ಊಟ ಮಾಡ್ತಾಳಾ?" ಅಂತ ಮೊದಲು ಕೇಳಿದಳು. ಆಮೇಲೆ ಮೆಲ್ಲಗೆ, "ನಿಜ್ವಾದ್ ಹೆಸ್ರು ಏಳು ಅಂತ ದಿನಾ ಕೇಳ್ತಾರಕ್ಕಾ. ಒಂದಿವ್ಸ ನಂಗೇ ಬಾಯಿಗ್ ಬರ್ನಿಲ್ಲ ಕಣಕ್ಕಾ" ಅಂದಳು. ಅದೂ ನಿನ್ನದೇ ಕನ್ನಡದಲ್ಲಿ.

ಬಸ್ಸಿನಲ್ಲಿ ವಾಪಸು ಬರುವಾಗ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಅಕ್ಕಪಕ್ಕ ಜನ ಇಲ್ಲದಿದ್ದರೆ ಕೂಗಾಡಿಬಿಡುತ್ತಿದ್ದೆ. ನಿಜ ಹೇಳಮ್ಮ. ಹಬ್ಬದ ದಿನ ಬಂದಳು ಅಂತ ಗೌರಿ ಅಂದೆಯಾ? ಅಥವಾ ರಹೀಮಾ ಅಂದರೆ ಬೀದಿಯವರು ಒಪ್ಪುವುದಿಲ್ಲ ಅಂತ ನಿನಗೆ ಆಗಲೇ ಗೊತ್ತಿತ್ತಾ? ಯಾರಿಗೂ ಜಗ್ಗದ ನನ್ನಮ್ಮನಿಗೂ ಒಳಗೊಳಗೆ ಹೆದರಿಕೆ ಇತ್ತಾ? ನೀನು ಅವಳಿಗೆ ನೆರಳು ಕೊಟ್ಟೆ, ಇಲ್ಲ ಅನ್ನುವುದಿಲ್ಲ. ಆದರೆ ಆ ನೆರಳಿನಲ್ಲಿ ಅವಳು ಇನ್ನೊಬ್ಬಳಾಗಿ ಇರಬೇಕಾಯಿತಲ್ಲ...

ಈಗ ಸಮಾಚಾರ. ಅವಳ ಜಿಲ್ಲೆಯಿಂದ ಉತ್ತರ ಬಂತು, ಅವಳು ಅಲ್ಲಿಯವಳೇ, ಈ ದೇಶದವಳೇ. ಬಿಟ್ಟರು. ಆದರೂ ಫೈಲು ಮುಚ್ಚುವ ತನಕ ಸೋಮವಾರ ಸೋಮವಾರ ಠಾಣೆಗೆ ಬಂದು ಹಾಜರಿ ಹಾಕಬೇಕಂತೆ. ಆಟೋ ಇಳಿದು ಬಂದರೆ ಅಣ್ಣ ಗೇಟಿಗೆ ಅಡ್ಡ ನಿಂತಿದ್ದ. "ರೂಮಿನ್ ಬೀಗ ತೆಗೆಯಲ್ಲ" ಅಂದ. "ಬೇಡ ಬಿಡು. ಮುಂದಿನ ಮನೆ ಅಮ್ಮ ನನ್ ಪಾಲಿಗೆ ಬಿಟ್ಟಿದ್ದು. ಅಮ್ಮನ ಕೋಣೇಲಿ ಇರ್ತಾಳೆ" ಅಂದೆ. "ಇವ್ಳು ಒಳಗ್ ಕಾಲಿಟ್ರೆ ನಾನ್ ಈ ಮನೆ ಹೊಸ್ಲು ತುಳಿಯಲ್ಲ" ಅಂದ. "ತುಳೀಬೇಡ" ಅಂದುಬಿಟ್ಟೆ. ಅವನು ಇನ್ನೂ ಬಂದಿಲ್ಲ. ಸಂಕಟ ಆಗುತ್ತದೆ, ಒಂದೇ ಒಬ್ಬ ಅಣ್ಣ. ಆದರೆ ನಾನಾಗಿ ಹೋಗಿ ತಪ್ಪಾಯಿತು ಅನ್ನುವುದಿಲ್ಲ, ನೀನು ಕನಸಿಗೆ ಬಂದು ಹೇಳಿದರೂ ಅನ್ನುವುದಿಲ್ಲ.

ಮೊನ್ನೆ ಸೋಮವಾರ ಇಬ್ಬರೂ ಹೋಗಿದ್ದೆವು. ಬೆಂಚಿನ ಮೇಲೆ ಕಾಯುತ್ತಿದ್ದಾಗ ಪೇದೆ ಒಳಗಿನಿಂದ ಕೂಗಿದ, "ಗೌರಿ ಅಲಿಯಾಸ್ ರಹೀಮಾ ಯಾರ್ರೀ?"

ಅದನ್ನು ಸರಿಮಾಡಬೇಕು ಅಂತ ನಾನು ಏಳುವಷ್ಟರಲ್ಲಿ ಅವಳೇ ಎದ್ದು ನಿಂತಿದ್ದಳು.

"ಅಲಿಯಾಸ್ ಗಿಲಿಯಾಸ್ ಏನೂ ಇಲ್ಲ ಸಾರ್. ರಹೀಮಾ. ಅಂಗೇ ಬರ್ಕೊಳಿ."

ಇಡೀ ಠಾಣೆ ತಿರುಗಿ ನೋಡಿತು, ಅವಳು ಕೂರಲಿಲ್ಲ. ಅವನು ಆ ಗೌರಿ ಅಲಿಯಾಸ್ ಅನ್ನುವುದನ್ನು ಹೊಡೆದುಹಾಕಿ ಸರಿಯಾಗಿ ಬರೆದುಕೊಳ್ಳುವ ತನಕ ನಿಂತೇ ಇದ್ದಳು ಅಮ್ಮ.

ನಿನ್ನ,
ಮಂಜುಳಾ