ಜಮೀಲಾಳ ಹೆಸರು

ಆಗಸ್ಟ್ ೧೭, ೧೯೮೩, ಬುಧವಾರ. ಗುಬ್ಬಿ.

ಇವತ್ತು ಜೈನಬ್ ಬೀಗೆ ಸುಳ್ಳು ಹೇಳಿದೆ.

ಆರು ಹೆಂಗಸರನ್ನು ಕೊಂದವನ ಗಲ್ಲುಶಿಕ್ಷೆ ಜೀವಾವಧಿಗೆ ಇಳಿದ ಸುದ್ದಿ ಬೆಳಗಿನ ಪತ್ರಿಕೆಯಲ್ಲಿತ್ತು. ಜೈನಬ್ ಬೀಯವರ ಮಗಳು ಜಮೀಲಾ ಆ ಆರು ಜನರಲ್ಲಿ ಒಬ್ಬಳು. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ನಾನೇ ಹೋದೆ.

ಬೀಡಿ ಸುತ್ತುತ್ತಲೇ ಕೇಳಿಸಿಕೊಂಡರು. "ಅವ್ನು ಇದ್ರೇನು, ಸತ್ರೇನು, ಬುಡಿ ಮೇಷ್ಟ್ರೇ. ನನ್ ಮಗಳ ಬಗ್ಗೆ ಏನ್ ಬರ್ದವ್ರೆ?"

ಏನೂ ಇರಲಿಲ್ಲ. ಅವನ ಹೆಸರು ಒಂಬತ್ತು ಸಲ. ಸತ್ತವರು ಬರೀ 'ಆರು ಮಹಿಳೆಯರು'. ಮೂವತ್ತು ವರ್ಷದಿಂದ ಸಂಪಾದಕರಿಗೆ ಪತ್ರ ಬರೆದು ಜಗಳವಾಡಿದವನಿಗೆ ಇಷ್ಟನ್ನು ಹೇಳಲು ಬಾಯಿ ಬರಲಿಲ್ಲ. "ಜಮೀಲಾ ಹೆಸರೇ ಮೊದಲು ಹಾಕಿದಾರೆ" ಅಂದೆ.

ಮೊರ ಬದಿಗಿಟ್ಟರು. "ಮದ್ವೆ ಕಾರ್ಡಲ್ ಬಿಟ್ರೆ ಅವ್ಳ ಹೆಸ್ರು ಎಲ್ಲೂ ಅಚ್ಚಾಗಿರ್ಲಿಲ್ಲ. ಅದನ್ನ ಕತ್ರಿಸಿ ಕೊಡಿ. ಮೊಮ್ಮಗಳು ಓದ್ತಾಳೆ, ಅವರಮ್ಮನ ಹೆಸ್ರು."

ನಾಳೆ ತರುತ್ತೇನೆ ಎಂದು ಎದ್ದು ಬಂದೆ.

ಈಗ ಸಂಪಾದಕರಿಗೆ ಬರೆಯಲು ಕೂತಿದ್ದೇನೆ. ಕಾನೂನು, ಕರುಣೆಯ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಜಮೀಲಾ, ಗುಬ್ಬಿ, ಇಪ್ಪತ್ತಾರು ವರ್ಷ. ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಮುಂದಕ್ಕೆ ಕೈ ಓಡುತ್ತಿಲ್ಲ. ಕೊಲೆಗಾರನಿಗೆ ಕ್ಯಾರಂ ಎಂದರೆ ಪ್ರಾಣವಂತೆ, ಪತ್ರಿಕೆ ಬರೆದಿದೆ. ನಮ್ಮ ಬೀದಿಯಲ್ಲೇ ಬೆಳೆದ ಹುಡುಗಿಗೆ ಏನು ಇಷ್ಟವಿತ್ತೋ ನನಗೆ ತಿಳಿಯದು. ಬೆಳಿಗ್ಗೆ ಹೋಗಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡು, ಇದನ್ನು ಅವಳ ತಾಯಿಯನ್ನೇ ಕೇಳಬೇಕು. ಬೈದರೂ ಸರಿ, ಹೇಳದೆ ಇರಲಾರರು. ಮಗಳ ಮಾತು ಬಂದರೆ ಜೈನಬ್ ಬೀ ಮೊರ ಬದಿಗಿಡುತ್ತಾರೆ.